ಗ್ರೈಂಡರ್ ಇಲ್ಲದ ಮನೆ

ಎನ್.ಆರ್. ಕಾಲೋನಿ, ಬೆಂಗಳೂರು
6 ಮೇ 2024

ರಮ್ಯಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ಅಜ್ಜಿ ಗಟ್ಟಿಯಾಗಿದ್ದಾಳೆ, ನಾನೂ ಇದ್ದೇನೆ.

ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ನಿನ್ನ ಗಂಡ ಹರಿಕೃಷ್ಣ ನಗಬಹುದು. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದು ಒಂದು ಕಾರಣ. ಇನ್ನೊಂದು, ಇಎಸ್‌ಐ ಆಸ್ಪತ್ರೆಯಲ್ಲಿ ನನ್ನ ಕೈಗೆ ವ್ಯಾಯಾಮ ಮಾಡಿಸುವ ಯಶಶ್ರೀ ಮೇಡಂ ದಿನಾ ಒಂದು ಪುಟ ಬರೆಯಲೇಬೇಕು ಎಂದಿದ್ದಾರೆ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟಿದ್ದಾರೆ. ಮೊದಲು ಒಂದು ವಾರ ಶ್ರೀರಾಮ ಶ್ರೀರಾಮ ಎಂದು ಬರೆದೆ. ಆಮೇಲೆ ಬೇಜಾರಾಯಿತು. ರಾಮನಿಗೆ ನನ್ನ ಮೇಲೆ ಏನೂ ಕೋಪವಿಲ್ಲ, ನಿನಗೆ ಇದೆ. ಆದ್ದರಿಂದ ನಿನಗೇ ಬರೆಯುತ್ತಿದ್ದೇನೆ.

ನಿನಗೆ ಕೋಪವೋ, ಮುಖ ತೋರಿಸಲು ಸಂಕೋಚವೋ ನನಗೆ ಗೊತ್ತಿಲ್ಲ. ಜನವರಿಯಲ್ಲಿ ಚಾಮರಾಜಪೇಟೆಯ ನಿಮ್ಮಪ್ಪನ ಪ್ರೆಸ್ಸಿಗೆ ನೀನು ನಿನ್ನದೇ ಮದುವೆ ಪತ್ರಿಕೆ ನೋಡಲು ಬಂದಿದ್ದೆ. ನಾನು ಡೈ ಮಷಿನ್ನಿನ ಮುಂದೆ ನಿಂತು ಪತ್ರಿಕೆಯ ಮೇಲ್ಭಾಗದಲ್ಲಿ ಗಣಪತಿ ಆಕಾರದ ಕಿಂಡಿ ಕತ್ತರಿಸುತ್ತಿದ್ದೆ. ಒಂದು ಹಾಳೆ ಓರೆಯಾಯಿತು. ಸರಿಮಾಡಲು ಕೈ ಹಾಕಿದೆ, ಮಷಿನ್ ಬಾಯಿ ಮುಚ್ಚಿತು. ಮುಂದೆ ಒಂದು ತಡೆಗಂಬಿ ಇರಬೇಕಿತ್ತು, ಕೈ ತಗುಲಿದರೆ ಮಷಿನ್ ನಿಲ್ಲಿಸುವಂಥದ್ದು. ಸೀಸನ್ನಿನಲ್ಲಿ ಅದು ಕೆಲಸಕ್ಕೆ ಅಡ್ಡ ಎಂದು ಚಿಕ್ಕಪ್ಪ ಬಿಚ್ಚಿಸಿದ್ದರು. ಸ್ವಿಚ್ ಆರಿಸಿದವಳು ನೀನು. ನಿನ್ನ ದುಪಟ್ಟಾದಲ್ಲಿ ನನ್ನ ಕೈ ಸುತ್ತಿಕೊಂಡು ಆಟೋದಲ್ಲಿ ಕೂತವಳೂ ನೀನೇ.

ಆಟೋದಲ್ಲಿದ್ದಾಗ ಚಿಕ್ಕಪ್ಪನ ಫೋನ್ ಬಂತು. "ಮನೇಲಿ ಗ್ರೈಂಡರ್‌ಗೆ ಸಿಕ್ತು ಅನ್ನಮ್ಮ. ಮದುವೆ ಪತ್ರಿಕೆ ಮೇಲೆ ರಕ್ತ ಬಿತ್ತು ಅಂತ ಗಂಡಿನ ಕಡೆಯವ್ರಿಗೆ ಗೊತ್ತಾದ್ರೆ ಮದುವೆ ನಿಂತೋಗತ್ತೆ" ಎಂದರು. ನಿನ್ನ ಮುಖ ನೋಡಿದೆ. ಆಸ್ಪತ್ರೆಯಲ್ಲಿ ಗ್ರೈಂಡರ್ ಎಂದೇ ಹೇಳಿದೆ. ಯಾರೂ ನನ್ನ ಬಾಯಿಗೆ ಕೈ ಹಾಕಿ ಹೇಳಿಸಲಿಲ್ಲ. ನಿನ್ನ ಮದುವೆ ಆಗಲಿ ಎಂದು ನಾನೇ ಹೇಳಿದೆ. ಆಮೇಲೆ ಕೈಗೆ ಕಟ್ಟು ಹಾಕಿಕೊಂಡು ಮಂಟಪಕ್ಕೆ ಬರಬೇಡ ಎಂದು ಚಿಕ್ಕಮ್ಮ ಹೇಳಿದಾಗ ಮಾತ್ರ ಸ್ವಲ್ಪ ಉರಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಾದ ಗಾಯಕ್ಕೆ ಇಎಸ್‌ಐ ಕೊಡುವುದು ಕಾಯಿಲೆ ರಜೆಯ ಭತ್ಯೆ. ಅದು ಮೂರು ತಿಂಗಳಿಗೆ ಮುಗಿಯುತ್ತದೆ, ನನ್ನದು ಮುಗಿಯಿತು. ಕೆಲಸ ಮಾಡುವಾಗ ಆದ ಗಾಯ ಎಂದು ಒಪ್ಪಿದರೆ ತಾತ್ಕಾಲಿಕ ಅಂಗವೈಕಲ್ಯದ ಭತ್ಯೆ, ಕೈ ಮತ್ತೆ ಕೆಲಸಕ್ಕೆ ಬರುವವರೆಗೂ ನಡೆಯುತ್ತದೆ. ನನ್ನ ಬೆರಳುಗಳು ಇನ್ನೂ ಮಡಚುವುದಿಲ್ಲ. ಇನ್ನೊಂದು ಆಪರೇಷನ್ ಆಗಬೇಕು. ಈ ಭತ್ಯೆ ಚಿಕ್ಕಪ್ಪನ ಜೇಬಿನಿಂದ ಹೋಗುವುದೂ ಇಲ್ಲ. ಅವರು ಒಂದು ನಿಜ ಹೇಳಿದರೆ ಸಾಕು. ಅದನ್ನು ಹೇಳುವುದಿಲ್ಲವಂತೆ.

ಅಲ್ಲಿದ್ದವರು ಮೂವರು. ನಾನು, ನೀನು, ಮಷಿನ್ ಮೇಸ್ತ್ರಿ ಮರಿಯಣ್ಣ. ಮರಿಯಣ್ಣ ಟೀ ಕುಡಿಯಲು ಹೋಗಿದ್ದೆ ಎನ್ನುತ್ತಿದ್ದಾನೆ. ನೀನು ಏನೆನ್ನುತ್ತೀಯ?

ನಿನ್ನ ಅಕ್ಕ,
ಸಂಧ್ಯಾ


ಕೋಲಾರ
3 ಜೂನ್ 2024

ಸಂಧ್ಯಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟಿದ್ದೇನೆ. ಬರೆಯಬಾರದು ಅಂತ ಇದ್ದೆ. ಬರೆಯದೇ ಇರುವುದಕ್ಕೂ ಆಗಲಿಲ್ಲ.

ಇಲ್ಲಿ ನನ್ನ ಪರಿಸ್ಥಿತಿ ನಿನಗೆ ಗೊತ್ತಿಲ್ಲ. ನಮ್ಮತ್ತೆ ಬೆಕ್ಕು ಅಡ್ಡ ಬಂದರೆ ಬಸ್ ಸ್ಟ್ಯಾಂಡಿನಿಂದಲೂ ವಾಪಸ್ಸು ಬರುವವರು. ಕಳೆದ ವಾರ ಹಾಲು ಉಕ್ಕಿ ಒಲೆ ಆರಿತು ಅಂತ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಪತ್ರಿಕೆ ವಿಷಯ ಅವರಿಗೆ ತಿಳಿದರೆ ಮುಂದೆ ಈ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದಕ್ಕೆ ನಾನೇ ಕಾರಣ ಆಗುತ್ತೇನೆ. ಹರಿ ಒಳ್ಳೆಯವರೇ. ಆದರೆ ಅಮ್ಮನ ಎದುರು ಮಾತಾಡುವವರಲ್ಲ.

ಅಪ್ಪ ನಿನಗೆ ಏನಾದರೂ ವ್ಯವಸ್ಥೆ ಮಾಡುತ್ತೇನೆ ಅಂದಿದ್ದಾರೆ. ದಯವಿಟ್ಟು ಒಪ್ಪಿಕೊ. ನೀನು ನನಗೋಸ್ಕರ ಅವತ್ತು ಅಷ್ಟು ದೊಡ್ಡ ಮಾತು ಹೇಳಿದೆ. ಈಗ ಅದನ್ನು ವಾಪಸ್ಸು ತೆಗೆದುಕೊಳ್ಳಬೇಡ ಅಕ್ಕ.

ನಿನ್ನ,
ರಮ್ಯಾ


ಎನ್.ಆರ್. ಕಾಲೋನಿ
10 ಜೂನ್ 2024

ರಮ್ಯಾ,

ವಾಪಸ್ಸು ತೆಗೆದುಕೊಂಡಾಯಿತು.

ನಿನ್ನ ಕಾಗದ ಬಂದ ಮಾರನೆಯ ದಿನವೇ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಬರೆದುಕೊಟ್ಟೆ. ಗಾಯವಾದದ್ದು ಪ್ರೆಸ್ಸಿನಲ್ಲಿ, ಡೈ ಮಷಿನ್ನಿನಲ್ಲಿ, ಕೆಲಸ ಮಾಡುವಾಗ ಎಂದು. ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು ಎಂದೂ ಬರೆದೆ. ಅಲ್ಲಿನ ಅಧಿಕಾರಿ ಏಕಾಂತಯ್ಯ ಅಂತ. ಕನ್ನಡಕದ ಮೇಲಿಂದ ನೋಡಿ, "ಮೊದಲು ಸುಳ್ಳು ಹೇಳಿದೋರು ಈಗ ನಿಜ ಹೇಳ್ತಿದೀರಿ ಅಂತ ನಾನ್ ಹೆಂಗಮ್ಮ ನಂಬೋದು?" ಎಂದರು. "ನಂಬಬೇಡಿ ಸಾರ್, ಬಂದು ನೋಡಿ" ಎಂದೆ. ಸ್ಥಳಕ್ಕೆ ಬಂದು ವಿಚಾರಣೆ ಮಾಡುತ್ತಾರಂತೆ, ಜುಲೈನಲ್ಲಿ. ಸಾಕ್ಷಿ ಯಾರು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ.

ಬೈದುಕೊ. ಎಷ್ಟು ಬೇಕೋ ಅಷ್ಟು ಬೈದುಕೊ. ನಿನ್ನ ಅತ್ತೆಗೆ ಹಾಲು ಉಕ್ಕಿದರೆ ಎರಡು ದಿನ ಸಂಕಟ. ನನಗೆ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಅಜ್ಜಿ ಬೇಕು, ಕುಪ್ಪಸದ ಹುಕ್ಕು ಹಾಕಲು ಅಜ್ಜಿ ಬೇಕು. ಎಂಬತ್ತು ದಾಟಿದ ಮುದುಕಿ ನನಗೆ ಅನ್ನ ಕಲಸಿ ಕೊಡುತ್ತಾಳೆ. ಇದು ಯಾವ ಅಪಶಕುನ ಎಂದು ನಿನ್ನ ಅತ್ತೆಯನ್ನು ಕೇಳಿ ನೋಡು.

ಚಿಕ್ಕಪ್ಪ ಮಾಡುವ ವ್ಯವಸ್ಥೆ ನನಗೆ ಗೊತ್ತು. ಹಬ್ಬಕ್ಕೊಂದು ಸೀರೆ, ತಿಂಗಳಿಗೊಂದು ಮೂಟೆ ಅಕ್ಕಿ, ಜೊತೆಗೆ ನೆಂಟರ ಮುಂದೆಲ್ಲ "ನಾನೇ ನೋಡ್ಕೋತಿದೀನಿ" ಎಂಬ ಮಾತು. ನನಗೆ ಭಿಕ್ಷೆ ಬೇಡ. ನನ್ನ ಸಂಬಳದಲ್ಲಿ ಹಿಡಿದು ಇಎಸ್‌ಐಗೆ ಕಟ್ಟಿದ್ದಾರೆ. ಅದು ನನ್ನ ಹಕ್ಕು, ನಾನು ತೆಗೆದುಕೊಳ್ಳುತ್ತೇನೆ.

ಮುಂದಿನ ತಿಂಗಳು ಆಷಾಢ. ಹೊಸ ಮದುಮಗಳು ಅತ್ತೆಯ ಮನೆಯಲ್ಲಿರುವ ಹಾಗಿಲ್ಲ, ತವರಿಗೆ ಬರಲೇಬೇಕು. ಬಸವನಗುಡಿಯ ನಿಮ್ಮ ಮನೆಯಲ್ಲೇ ಇರುತ್ತೀಯ, ಪ್ರೆಸ್ಸಿಗೆ ಹತ್ತು ನಿಮಿಷದ ದಾರಿ. ಬರುವುದೂ ಬಿಡುವುದೂ ನಿನ್ನ ಮನಸ್ಸು. ನಿನ್ನನ್ನು ಎಳೆದುಕೊಂಡು ಹೋಗಲು ನನ್ನ ಹತ್ತಿರ ಇರುವುದು ಒಂದೇ ಕೈ.

ಸಂಧ್ಯಾ


|| ಶ್ರೀ ||
ಬಸವನಗುಡಿ
24 ಜೂನ್ 2024

ಚಿ. ಸಂಧ್ಯಾಳಿಗೆ ಚಿಕ್ಕಪ್ಪ ಯೋಗಾನಂದನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಆರೋಗ್ಯಕ್ಕಾಗಿ ದಿನವೂ ದೊಡ್ಡ ಗಣಪತಿಗೆ ಕೈ ಮುಗಿಯುತ್ತಿದ್ದೇನೆ. ಅಣ್ಣ ಹೋದ ಮೇಲೆ ನಿನ್ನನ್ನು ಬೇರೆಯವಳು ಎಂದು ನಾನು ಎಂದೂ ನೋಡಲಿಲ್ಲ. ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಪ್ರೆಸ್ಸಿನಲ್ಲಿ ಜಾಗ ಕೊಟ್ಟೆ, ಕೆಲಸ ಕಲಿಸಿದೆ. ಅದನ್ನು ನೀನು ಮರೆತಿರಲಾರೆ.

ನನ್ನ ಅಮ್ಮನಿಗೆ ದೋಸೆ ಎಂದರೆ ಪ್ರಾಣ. ಈ ವಯಸ್ಸಿನಲ್ಲಿ ಅಂಗಡಿಯ ಹಿಟ್ಟು ತಂದು ತಿನ್ನುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಈ ಕಾಗದದ ಜೊತೆ ಒಂದು ಗ್ರೈಂಡರ್ ಕಳಿಸಿದ್ದೇನೆ. ನಮ್ಮ ಮನೆಯದೇ, ಎರಡು ವರ್ಷ ಬಳಸಿದ್ದು, ಚೆನ್ನಾಗಿ ರುಬ್ಬುತ್ತದೆ. ಅಡುಗೆಮನೆಯಲ್ಲಿಯೇ ಇಟ್ಟುಕೊಳ್ಳಿ. ಮನೆಗೆ ಯಾರಾದರೂ ಬಂದಾಗ, ಇವರ ಮನೆಯಲ್ಲಿ ಒಂದು ಗ್ರೈಂಡರೂ ಇಲ್ಲವೇ ಎಂದು ಅನ್ನಿಸಬಾರದು.

ಹೆಣ್ಣುಮಕ್ಕಳು ಕಚೇರಿಗಳಿಗೆ ಅಲೆಯುವುದು ನಮ್ಮ ಮನೆತನಕ್ಕೆ ಶೋಭೆಯಲ್ಲ. ರಮ್ಯಾಳ ಸಂಸಾರ ಈಗಷ್ಟೇ ಕುಡಿಯೊಡೆಯುತ್ತಿದೆ. ಅದನ್ನು ನೆನೆದು ನಡೆದುಕೊ. ಹೆಚ್ಚಿಗೆ ಬರೆಯಲಾರೆ.

ಇತಿ ನಿನ್ನ ಹಿತವನ್ನೇ ಬಯಸುವ,
ಯೋಗಾನಂದ


ಎನ್.ಆರ್. ಕಾಲೋನಿ
28 ಜೂನ್ 2024

ರಮ್ಯಾ,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತು, ಆದರೂ ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿಮ್ಮಪ್ಪ ನಮ್ಮ ಮನೆಗೆ ಗ್ರೈಂಡರ್ ಕಳಿಸಿದ್ದರು. ನಿಮ್ಮ ಅಡುಗೆಮನೆಯ ಕಿಟಕಿ ಪಕ್ಕ ಇರುತ್ತಿತ್ತಲ್ಲ, ಅದೇ. ಆಟೋದವನು ಇಳಿಸಿ, ಮೂಲೆ ಹುಡುಕಿ ಇಟ್ಟು, ಪ್ಲಗ್ ಕೂಡ ಸಿಕ್ಕಿಸಿ ಹೋದ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಪಾಪ, ಬುದ್ಧಿ ಬಂದಿರಬೇಕು ಎಂದುಕೊಂಡೆ. ಕಾಗದ ಎರಡು ಸಲ ಓದಿದ ಮೇಲೆ ಹೊಳೆಯಿತು. ವಿಚಾರಣೆಗೆ ಬಂದವರು ಮನೆಗೂ ಬರುತ್ತಾರೆ. ಗ್ರೈಂಡರ್‌ಗೆ ಕೈ ಸಿಕ್ಕಿತು ಎಂದವಳ ಮನೆಯಲ್ಲಿ ಗ್ರೈಂಡರೇ ಇಲ್ಲ. ಆರು ತಿಂಗಳಿಂದ ನನಗೂ ಅದು ನೆನಪಾಗಿರಲಿಲ್ಲ ನೋಡು! ನಾವು ದೋಸೆ ಹಿಟ್ಟನ್ನು ಮೂಲೆ ಅಂಗಡಿಯಿಂದ ತರುವವರು.

ಅಜ್ಜಿಗೆ ಓದಿ ಹೇಳಿದೆ. ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಎದ್ದು ಸೆರಗು ಸಿಕ್ಕಿಸಿಕೊಂಡು ಬೀದಿಗೆ ಹೋಗಿ ಇನ್ನೊಂದು ಆಟೋ ಕರೆದುಕೊಂಡು ಬಂದಳು. ಗ್ರೈಂಡರನ್ನು ಅದರಲ್ಲಿ ಹಾಕಿಸಿ, ತಾನು ಪಕ್ಕದಲ್ಲಿ ಕೂತು, ನನ್ನನ್ನು ಮುಂದೆ ಡ್ರೈವರ್ ಹತ್ತಿರ ತೂರಿಸಿ, ನೇರ ಚಾಮರಾಜಪೇಟೆಗೆ ಹೊಡೆಸಿದಳು. ಹಳೇ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕಿದ ದೊಡ್ಡಮುನಿಯಮ್ಮ ಹೇಗೆ ಕೂಗುತ್ತಾಳೆ ಎಂದು ನಿನಗೆ ಗೊತ್ತಲ್ಲ. ಆ ದಿನ ಕೂಗಲೇ ಇಲ್ಲ, ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿತು.

ಪ್ರೆಸ್ಸಿನೊಳಗೆ ಹೋಗಿ ಡೈ ಮಷಿನ್ನಿನ ಪಕ್ಕದಲ್ಲಿ ಗ್ರೈಂಡರ್ ಇಳಿಸಿದಳು. ಚಿಕ್ಕಪ್ಪ ಗಿರಾಕಿಗಳ ಮುಂದೆ ಕೂತಿದ್ದರು. "ಏನಮ್ಮ ಇದು?" ಎಂದು ಓಡಿ ಬಂದರು.

"ನನ್ ಮೊಮ್ಮಗಳ ಕೈ ನಿನ್ ಗ್ರೈಂಡರ್‌ಗೆ ಸಿಕ್ತು ಅಂತ ಹೇಳ್ಸಿದ್ಯಲ್ಲೋ. ಕೈ ಎಲ್ ಹೋಯ್ತೋ ಅಲ್ಲೇ ಇರ್ಲಿ ಗ್ರೈಂಡ್ರು. ನಾನಾಗ್ ಬಂದ್ ತೆಗಿಯೋಗಂಟ ಯಾರಾನ ಮುಟ್ಟೀರಾ, ನಾನ್ ಈ ಬಾಗ್ಲಲ್ಲೇ ಕೂತ್ಬಿಡ್ತೀನಿ" ಎಂದಳು.

ಗಿರಾಕಿಗಳು ಆಯ್ದುಕೊಂಡಿದ್ದ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಮರಿಯಣ್ಣ ನಗು ತಡೆಯಲಾಗದೆ ಗೋದಾಮಿನೊಳಗೆ ಹೋದ. ಚಿಕ್ಕಪ್ಪ ಹೆತ್ತ ತಾಯಿಯ ಮಾತು ಮೀರುವವರಲ್ಲ, ಅದೂ ನಾಲ್ಕು ಜನರ ಎದುರಿಗೆ. ಗ್ರೈಂಡರ್ ಅಲ್ಲೇ ಇದೆ.

ಬರುವಾಗ ಅಜ್ಜಿ ಗಾಂಧಿಬಜಾರಿನಲ್ಲಿ ಆಟೋ ನಿಲ್ಲಿಸಿ ನನಗೊಂದು ಮೊಳ ಮಲ್ಲಿಗೆ ಕೊಡಿಸಿದಳು. ಮುಡಿಸಿದವಳೂ ಅವಳೇ.

ನಿನ್ನ ಅಕ್ಕ,
ಸಂಧ್ಯಾ


ಕೋಲಾರ
15 ಜುಲೈ 2024

ಅಕ್ಕ,

ಆಷಾಢ ಬಂದು ಹತ್ತು ದಿನವಾಯಿತು. ನನ್ನನ್ನು ಯಾರೂ ಕರೆಯಲು ಬರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ವಾಸನೆ, ನಿನಗೆ ಆಗಲ್ಲ ಅಂದರು. ಅಪ್ಪನಿಗೆ ಮಾಡಿದೆ. "ಈಗೆಲ್ಲ ಯಾರಮ್ಮ ಅವೆಲ್ಲ ನೋಡ್ತಾರೆ, ಕಾಲ ಬದಲಾಗಿದೆ, ಅಲ್ಲೇ ಇದ್ಬಿಡು" ಅಂದರು. ಸಂಧ್ಯಕ್ಕ, ಇದನ್ನು ಹೇಳಿದ್ದು ನಮ್ಮಪ್ಪ. ಶುಕ್ರವಾರ ಉಗುರು ಕತ್ತರಿಸಿದರೆ ಬೈಯುತ್ತಿದ್ದ ಅಪ್ಪ. ಪತ್ರಿಕೆ ಮೇಲೆ ರಕ್ತ ಬಿದ್ದರೆ ಅಮಂಗಳ ಅಂತ ನಿನ್ನ ಬಾಯಿ ಮುಚ್ಚಿಸಿದ ಅಪ್ಪ. ವಿಚಾರಣೆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಇರಬಾರದು ಅಂದಾಗ ಅವರಿಗೆ ಯಾವ ಶಾಸ್ತ್ರವೂ ಇಲ್ಲ.

ಇಲ್ಲಿ ಏನಾಯಿತು ಕೇಳು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ನನ್ನನ್ನು ಕರೆಯುವವರಿಲ್ಲ, ಆದ್ದರಿಂದ ಅತ್ತೆ ಹಿತ್ತಿಲ ಬಾಗಿಲಿನಿಂದ ಓಡಾಡಲು ಶುರು ಮಾಡಿದರು. ಮಂಡಿ ನೋವು ಬೇರೆ, ಹಿತ್ತಿಲಲ್ಲಿ ಮೂರು ಮೆಟ್ಟಿಲು. ಒಂದು ವಾರ ಹತ್ತಿ ಇಳಿದರು. ಎಂಟನೇ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಮೊದಲ್ನೇ ಆಷಾಢಕ್ಕೆ ಮಗಳನ್ನ ಕರೀದೇ ಇರೋ ತವರು ನಾನ್ ಎಲ್ಲೂ ನೋಡಿಲ್ಲ. ನಿಮ್ಮನೇಲಿ ಏನ್ ಮುಚ್ಚಿಡ್ತಿದೀರಿ?" ಅಂದರು.

ಹೇಳಿಬಿಟ್ಟೆ. ಎಲ್ಲ. ನಿನ್ನ ಕೈ, ಪತ್ರಿಕೆ, ಆಟೋ, ಫೋನು.

ಅವರು ನಿನ್ನ ಬಗ್ಗೆ ಮರುಗುತ್ತಾರೆ ಅಂತ ಸ್ವಲ್ಪ ಆಸೆ ಇತ್ತು. ಇಲ್ಲ. ಬೀಗರು ಮೋಸ ಮಾಡಿದರು, ಸುಳ್ಳು ಹೇಳಿ ಹೆಣ್ಣು ಕೊಟ್ಟರು ಅಂತ ಕೂಗಾಡಿದರು. ಶಾಂತಿ ಹೋಮ ಆಗಬೇಕಂತೆ, ಖರ್ಚು ನಮ್ಮಪ್ಪನದೇ ಆಗಬೇಕಂತೆ. ಹರಿ ಮಧ್ಯೆ ಏನೋ ಹೇಳಲು ಹೋದರು. ಅತ್ತೆ ಅವರಿಗೂ ಸರಿಯಾಗಿ ಹಾಕಿದರು. ರಾತ್ರಿಯೆಲ್ಲ ನಾನು ಅಳುತ್ತಿದ್ದೆ, ಇವತ್ತೂ ಅಳು ನಿಂತಿಲ್ಲ. ಆದರೆ ನನಗೊಂದು ವಿಚಿತ್ರ ಆಯಿತು. ಆರು ತಿಂಗಳಿಂದ ಯಾವುದು ನಡೆಯಬಾರದು ಅಂತ ನಡುಗುತ್ತಿದ್ದೆನೋ ಅದು ನಡೆದುಹೋಯಿತು, ನಾನು ಇನ್ನೂ ಇದೇ ಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೇನೆ.

ಇಎಸ್‌ಐ ಕಚೇರಿಯಿಂದ ನನ್ನ ಹೆಸರಿಗೆ ನೋಟೀಸ್ ಬಂದಿದೆ. ಇಪ್ಪತ್ತನಾಲ್ಕನೇ ತಾರೀಕು, ಪ್ರೆಸ್ಸಿನಲ್ಲಿ. ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ ಅಕ್ಕ. ಆಣೆ ಮಾಡಿಸಿಕೊಳ್ಳಬೇಡ.

ರಮ್ಯಾ


ಎನ್.ಆರ್. ಕಾಲೋನಿ
19 ಜುಲೈ 2024

ರಮ್ಯಾ,

ಆಣೆ ಕೇಳುವುದಿಲ್ಲ.

ಸೋಮವಾರ ಆಸ್ಪತ್ರೆಗೆ ಸೇರುತ್ತೇನೆ. ಬೆರಳಿನ ನರಗಳು ಒಳಗೆ ಅಂಟಿಕೊಂಡಿವೆಯಂತೆ, ಬಿಡಿಸುವ ಆಪರೇಷನ್. ವಿಚಾರಣೆಯ ದಿನ ನಾನು ಹಾಸಿಗೆ ಮೇಲಿರುತ್ತೇನೆ. ದಿನ ಬದಲಾಯಿಸಿ ಎಂದು ಏಕಾಂತಯ್ಯನವರನ್ನು ಕೇಳಬಹುದಿತ್ತು, ಕೇಳಲಿಲ್ಲ. ಆಪರೇಷನ್ ಮುಂದೆ ಹೋದರೆ ಕೈ ಹೀಗೇ ಉಳಿಯುತ್ತದೆ. ನಾನು ಹೇಳಬೇಕಾದ್ದನ್ನು ಬರೆದು ಕೊಟ್ಟಿದ್ದೇನೆ.

ಯಾರೂ ನನ್ನ ಪರ ಮಾತಾಡದೆ ಅರ್ಜಿ ಬಿದ್ದುಹೋದರೂ ನಾನು ಬಿಡುವುದಿಲ್ಲ, ಇನ್ನೂ ಮೇಲೆ ಹೋಗುತ್ತೇನೆ. ಗ್ರೈಂಡರ್ ಎಂಬ ಮಾತು ನನ್ನ ಬಾಯಿಂದ ಇನ್ನು ಬರುವುದಿಲ್ಲ, ಅಷ್ಟು ಖಂಡಿತ.

ನಿನ್ನ ಅತ್ತೆ ಕೂಗಾಡಿದ್ದು ಓದಿ ನಗು ಬಂತು, ಆಮೇಲೆ ನಿನ್ನನ್ನು ನೆನೆದು ಪಾಪ ಎನಿಸಿತು. ಎರಡೂ ನಿಜ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಸಂಧ್ಯಾ


ಕೋಲಾರ
27 ಜುಲೈ 2024

ಅಕ್ಕ,

ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಎಷ್ಟು ಜನ ಇದ್ದರು ಅಂದರೆ ಮಾತಾಡುವುದಕ್ಕೇ ಆಗಲಿಲ್ಲ. ನಿನಗೆ ಇನ್ನೂ ಅರಿವಳಿಕೆಯ ಮತ್ತು ಇಳಿದಿರಲಿಲ್ಲ, ನಾನು ಬಂದಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಬಂದಿದ್ದು ಒಬ್ಬಳೇ ಅಲ್ಲ. ಬೆಳಿಗ್ಗೆ ಹೊರಡುವಾಗ ಅತ್ತೆಯೂ ಸೀರೆ ಉಟ್ಟು ನಿಂತಿದ್ದರು. "ನಾನೂ ಬರ್ತೀನಿ. ಬೀಗರ ಮುಖ ನೋಡ್ಬೇಕು ನಂಗೆ" ಅಂದರು. ನಿನಗೆ ಸಹಾಯ ಮಾಡಲು ಅಲ್ಲ, ಅಪ್ಪನ ಮೇಲಿನ ಹಟಕ್ಕೆ. ಪ್ರೆಸ್ಸಿನ ಹತ್ತಿರ ನಾನು ಇಳಿದ ಮೇಲೆ ಅವರು ಒಳಗೆ ಬರಲಿಲ್ಲ. ಆಷಾಢ, ಒಂದೇ ಬಾಗಿಲು ದಾಟಬಾರದು ಅಂತ ಆಟೋದಲ್ಲೇ ಕೂತರು, ಕತ್ತು ಮಾತ್ರ ಹೊರಗೆ.

ನಾನು ಬಾಗಿಲಿಗೆ ಹೋದಾಗ ಅಪ್ಪ ಮಾತಾಡುತ್ತಿದ್ದರು. ಸಂಧ್ಯಾ ಯಾವತ್ತೂ ಮಷಿನ್ ಮುಟ್ಟಿಲ್ಲ, ಅವಳ ಕೆಲಸ ಪತ್ರಿಕೆಗಳನ್ನು ಕವರಿಗೆ ಹಾಕಿ ಪ್ಯಾಕ್ ಮಾಡುವುದು, ಅಷ್ಟೇ ಅಂತ. ಹದಿನೈದು ವರ್ಷ ಆ ಮಷಿನ್ನಿನ ಮುಂದೆ ನಿಂತವಳ ಬಗ್ಗೆ. ಮರಿಯಣ್ಣ ನೆಲ ನೋಡುತ್ತಾ ಹೂಂ ಹೂಂ ಅನ್ನುತ್ತಿದ್ದ. ಮಷಿನ್ನಿಗೆ ತಡೆಗಂಬಿ ಹಾಕಿಸಿದ್ದಾರೆ ಅಕ್ಕ. ಹೊಸ ಹಳದಿ ಬಣ್ಣ, ಇನ್ನೂ ವಾಸನೆ ಹೋಗಿಲ್ಲ. ಮನೆಗೆ ಬಣ್ಣ ಅಂದಿದ್ದು ಇದೇ ಇರಬೇಕು.

ಏಕಾಂತಯ್ಯನವರು ಗ್ರೈಂಡರ್ ನೋಡುತ್ತಾ ನಿಂತಿದ್ದರು. "ಯೋಗಾನಂದ ಅವ್ರೇ, ಮದುವೆ ಪತ್ರಿಕೆ ಪ್ರೆಸ್ಸಲ್ಲಿ ಇದೇನಕ್ಕೆ?" ಅಂದರು. ಅಪ್ಪ ಬೆವರು ಒರೆಸಿಕೊಂಡು, "ನಮ್ಮ ತಾಯಿ ಇಟ್ಟಿದಾರೆ ಸಾರ್" ಅಂದರು. ಬೇರೆ ಏನು ತಾನೇ ಹೇಳಿಯಾರು?

ಆಮೇಲೆ ಅಪ್ಪ ನನ್ನನ್ನು ನೋಡಿದರು. ಮುಖ ಬಿಳಿಚಿಹೋಯಿತು. ಆದರೂ ನಕ್ಕರು, ಎಲ್ಲರಿಗೂ ಕೇಳುವ ಹಾಗೆ, "ಬಾ ಮಗಳೇ, ಆಷಾಢಕ್ಕೆ ಬಂದ್ಯಾ? ಇಲ್ಯಾಕ್ ನಿಂತೆ, ಮನೆಗ್ ಹೋಗು, ಅಮ್ಮ ಕಾಯ್ತಿದಾಳೆ" ಅಂದರು. ನಾನು ಚಿಕ್ಕವಳಿದ್ದಾಗ ಕರೆಯುತ್ತಿದ್ದ ದನಿ ಅಕ್ಕ ಅದು. ಕಾಲು ತಿರುಗಿಯೇಬಿಟ್ಟಿತ್ತು.

"ಮನೆಗೆ ನೀವು ಕರೀಲಿಲ್ಲವಲ್ಲಪ್ಪ," ಅಂದೆ. "ಇವ್ರು ಕರ್ದಿದಾರೆ, ಅದಕ್ಕೆ ಇಲ್ಲಿಗ್ ಬಂದೆ."

ಒಳಗೆ ಹೋಗಿ ಮಷಿನ್ನಿನ ಮುಂದೆ ನಿಂತೆ. ನೀನು ನಿಂತಿದ್ದ ಜಾಗ, ನಾನು ನಿಂತಿದ್ದ ಜಾಗ, ಸ್ವಿಚ್ ಇರುವ ಜಾಗ ಎಲ್ಲ ತೋರಿಸಿದೆ. ಈ ಕಂಬಿ ಆಗ ಇರಲಿಲ್ಲ ಅಂದೆ. ಆಸ್ಪತ್ರೆಯಲ್ಲಿ ಗ್ರೈಂಡರ್ ಅಂತ ಯಾಕೆ ಬರೆಸಿದಿರಿ ಅಂತ ಏಕಾಂತಯ್ಯನವರು ಕೇಳಿದರು. "ಕೆಳಗೆ ಇದ್ದಿದ್ದು ನನ್ನ ಮದುವೆ ಪತ್ರಿಕೆ ಸಾರ್. ರಕ್ತ ಬಿದ್ದಿದ್ದು ಗಂಡನ ಮನೆಯವ್ರಿಗೆ ಗೊತ್ತಾಗ್ಬಾರ್ದು ಅಂತ" ಅಂದೆ. ಆಗ ಹೊರಗಡೆ ಆಟೋದಿಂದ ಅತ್ತೆ, "ಗೊತ್ತಾಗಿದೆ, ಬರ್ಕೊಳ್ಳಿ!" ಅಂತ ಕೂಗಿದರು. ಏಕಾಂತಯ್ಯನವರು ಬೆಚ್ಚಿ ಬಾಗಿಲ ಕಡೆ ನೋಡಿದರು.

ಮರಿಯಣ್ಣನನ್ನು ಮತ್ತೊಂದು ಸಲ ಕೇಳಿದರು. ಹಳೆಯ ಕಂಬಿ ಎಲ್ಲಿ ಅಂದಾಗ ಅವನು ಅಟ್ಟದ ಕಡೆ ನೋಡಿದ. ಅವರು ಏಣಿ ತರಿಸಿದರು. ಆರು ತಿಂಗಳ ಧೂಳು ಕೂತ ಕಂಬಿ ಅಲ್ಲೇ ಇತ್ತು.

ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ. ಅಮ್ಮ ಫೋನ್ ಎತ್ತುತ್ತಿಲ್ಲ. ಮುಂದಿನ ಆಷಾಢಕ್ಕೂ ಕರೆಯುವುದಿಲ್ಲ ಅಂತ ಕಾಣುತ್ತದೆ. ಇಲ್ಲಿ ನಿನ್ನೆ ಮಿಕ್ಸಿ ಕೆಟ್ಟಿತು, ಅದಕ್ಕೂ ಪತ್ರಿಕೆಯೇ ಕಾರಣವಂತೆ. ನಾನು ಸುಮ್ಮನಿರಲಿಲ್ಲ. "ಮಿಕ್ಸಿಗೆ ಹತ್ತು ವರ್ಷ ಆಗಿದೆ ಅತ್ತೆ" ಅಂದೆ. ಹರಿ ತಲೆ ಬಗ್ಗಿಸಿಕೊಂಡು ನಕ್ಕರು. ನಾನು ಅಳುವುದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವತ್ತು ಆಟೋದಲ್ಲಿ ನಿನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದೆನಲ್ಲ, ಹಾಗೆ ಇನ್ನೊಂದು ಸಲ ಕೂರಲಾರೆ.

ನಿನ್ನ ತಂಗಿ,
ರಮ್ಯಾ


ಎನ್.ಆರ್. ಕಾಲೋನಿ
3 ಅಕ್ಟೋಬರ್ 2024

ಚಿಕ್ಕಪ್ಪನವರಿಗೆ ಸಂಧ್ಯಾಳ ನಮಸ್ಕಾರ.

ಇಎಸ್‌ಐಯವರ ಆದೇಶ ನಿಮಗೂ ಬಂದಿರುತ್ತದೆ. ನನ್ನ ಗಾಯ ಕೆಲಸದಲ್ಲಿ ಆದದ್ದು ಎಂದು ಒಪ್ಪಿದ್ದಾರೆ. ಕೈ ಸರಿಹೋಗುವವರೆಗೂ ಭತ್ಯೆ ಕೊಡುತ್ತಾರೆ, ಹಿಂದಿನದನ್ನೂ ಸೇರಿಸಿ. ಆಪರೇಷನ್ ಆದ ಮೇಲೆ ಎರಡು ಬೆರಳು ಮಡಚುತ್ತವೆ, ತೋರುಬೆರಳು ಇನ್ನೂ ಹಟ ಮಾಡುತ್ತಿದೆ. ಅದು ಪೂರ್ತಿ ಬರುವುದಿಲ್ಲ ಎಂದು ಡಾಕ್ಟರು ಮುಂಚೆಯೇ ಹೇಳಿಬಿಟ್ಟಿದ್ದಾರೆ.

ನೀವು ಅಜ್ಜಿಯ ಮೂಲಕ ಹೇಳಿಕಳಿಸಿದ್ದು ತಿಳಿಯಿತು. ಮಾಮೂಲ್‌ಪೇಟೆಯಲ್ಲಿ ನಿಮ್ಮ ಸ್ನೇಹಿತರ ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಇದೆಯಂತೆ, ಫ್ಯಾನ್ ಕೆಳಗೆ, ಭಾರ ಎತ್ತಬೇಕಾಗಿಲ್ಲವಂತೆ. ಕೈಗೆ ಹೀಗಾಗಿರುವವಳು ಮದುವೆ ಪತ್ರಿಕೆ ಅಂಗಡಿಯಲ್ಲಿ ಕಣ್ಣೆದುರಿಗೆ ಓಡಾಡಿದರೆ ಗಿರಾಕಿಗಳಿಗೆ ಇರುಸುಮುರುಸಾಗುತ್ತದೆ ಎಂದಿರಂತೆ. ಅಜ್ಜಿ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವಳು ನಿಮಗೆ ತಾಯಿ, ಅವಳಿಗೂ ಕಷ್ಟ.

ನೀವು ನನಗೆ ಕೆಲಸ ಕಲಿಸಿದ್ದು ನಿಜ. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಅಪ್ಪ ಹೋದ ವರ್ಷ ನನಗೆ ಹೊಸ ಬಟ್ಟೆ ತಂದುಕೊಟ್ಟವರು ನೀವು. ಅದಕ್ಕೇ ನೀವು "ಗ್ರೈಂಡರ್ ಅನ್ನಮ್ಮ" ಎಂದಾಗ ನಾನು ಎರಡನೇ ಸಲ ಯೋಚಿಸಲಿಲ್ಲ. ಆದರೆ ನಾನು ಮಷಿನ್ ಮುಟ್ಟೇ ಇಲ್ಲ, ಪ್ಯಾಕಿಂಗ್ ಹುಡುಗಿ ಎಂದಿರಲ್ಲ, ಅದು ಮಾತ್ರ ನನಗೆ ಕೈ ನಜ್ಜುಗುಜ್ಜಾದಾಗಿನಷ್ಟೇ ನೋಯಿತು. ಈ ಊರಿನಲ್ಲಿ ಎಷ್ಟು ಮನೆಗಳ ಮದುವೆ ಪತ್ರಿಕೆಯ ಗಣಪತಿ ನನ್ನ ಕೈಯಿಂದ ಬಂದದ್ದು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಾಮೂಲ್‌ಪೇಟೆಗೆ ನಾನು ಹೋಗುವುದಿಲ್ಲ. ಈ ಭತ್ಯೆ ನಡೆಯುತ್ತಿರುವಾಗ ನನ್ನನ್ನು ಕೆಲಸದಿಂದ ತೆಗೆಯುವಂತಿಲ್ಲ, ಇದನ್ನು ವಿಚಾರಿಸಿಯೇ ಬರೆಯುತ್ತಿದ್ದೇನೆ. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟ ಮಾರನೆಯ ಬೆಳಿಗ್ಗೆ ಪ್ರೆಸ್ಸಿಗೇ ಬರುತ್ತೇನೆ. ತಡೆಗಂಬಿ ಹಾಗೇ ಇರಲಿ. ಸೀಸನ್ ಎಂದು ಮತ್ತೆ ಬಿಚ್ಚಿಸಿದರೆ ನಾನು ಹೋಗುವ ಕಚೇರಿ ಬೇರೆ ಇದೆ, ಕಾರ್ಖಾನೆ ಇನ್ಸ್‌ಪೆಕ್ಟರ್ ಕಚೇರಿ. ಅದರ ದಾರಿಯೂ ಈಗ ನನಗೆ ಗೊತ್ತು.

ಪತ್ರಿಕೆ ಆರಿಸಲು ಬಂದವರು ನನ್ನ ಕೈ ನೋಡುತ್ತಾರೆ. ನೋಡಲಿ. "ಕೈಗೇನಾಯ್ತಮ್ಮ?" ಎಂದು ಮದುಮಗಳೇ ಕೇಳಲಿ, ಅವಳ ಅಪ್ಪನೇ ಕೇಳಲಿ. ಅವರಿಗೆ ಒಳ್ಳೆಯದಾಗಲಿ ಎಂದು ಹಾರೈಸಿ, ಇಲ್ಲೇ ಈ ಮಷಿನ್ನಿಗೆ ಸಿಕ್ಕಿತು ಎಂದು ಹೇಳುತ್ತೇನೆ. ಗಲ್ಲಾದಲ್ಲಿ ಕೂತು ನೀವು ಕೇಳಿಸಿಕೊಳ್ಳಬೇಕಾಗುತ್ತದೆ, ಪ್ರತಿ ಸಲವೂ.

ಇತಿ,
ನಿಮ್ಮ ಅಣ್ಣನ ಮಗಳು,
ಸಂಧ್ಯಾ
ಡೈ ಮಷಿನ್ ಆಪರೇಟರ್